ಬಿಳಿಗುಂಡಿನಪಾಳ್ಯದ ಹಾಜರಿ

ಅಂಕನದೊಡ್ಡಿ, ಹೊಂಗನೂರು ಅಂಚೆ
12 ಜುಲೈ 1983

ಪ್ರೀತಿಯ ದ್ರಾಕ್ಷಾಯಿಣಿ,

ಟ್ರೇನಿಂಗ್ ಮುಗಿಸಿ ಬೇರೆ ಬೇರೆ ಬಸ್ಸು ಹತ್ತಿದ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಪತ್ರ ಇದು. ಎರಡು ವರ್ಷ ಸುಮ್ಮನಿದ್ದವಳು ಕಷ್ಟ ಬಂದಾಗ ನೆನೆಸಿಕೊಂಡಳು ಎಂದು ಬೈದುಕೋ. ಬೈದುಕೊಂಡು ಉತ್ತರ ಬರೆ.

ನಿನಗೆ ಆಗಲೇ ಕೆಲಸ ಸಿಕ್ಕಿತು. ನನಗೆ ಸಿಕ್ಕಿದ್ದು ಈ ಜೂನಿನಲ್ಲಿ. ಚನ್ನಪಟ್ಟಣದಿಂದ ಹೊಂಗನೂರಿಗೆ ಬಸ್ಸು, ಅಲ್ಲಿಂದ ಎರಡು ಮೈಲಿ ನಡಿಗೆ. ಒಂದರಿಂದ ನಾಲ್ಕನೇ ಕ್ಲಾಸು, ಮೂವತ್ತನಾಲ್ಕು ಮಕ್ಕಳು, ನಾನೊಬ್ಬಳೇ ಮೇಡಂ. ಇರುವ ಒಂದು ಬೋರ್ಡು ನಡುವೆ ಸೀಳಿದೆ. ಶಾಲೆಗೆ ಸ್ವಂತ ಕಟ್ಟಡವಿಲ್ಲ. ಬಸವಯ್ಯ ಎಂಬ ರೈತರ ಮನೆಯ ಮುಂದಿನ ದೊಡ್ಡ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ನಡೆಯುತ್ತಿದೆ. ಬಾಡಿಗೆ ಕೇಳಿದವರಲ್ಲ, ಧರ್ಮಕ್ಕೆ ಬಿಟ್ಟುಕೊಟ್ಟವರು.

ಮೊನ್ನೆ ಅವರು ಬಾಗಿಲಲ್ಲಿ ನಿಂತು ಹೇಳಿದರು. “ಮೇಡಮ್ನೋರೆ, ಬೇಜಾರ್ ಮಾಡ್ಕಬ್ಯಾಡಿ. ಈ ಕಿತ ಹುಳ ಜಾಸ್ತಿ ಮೇಯಿಸ್ಬೇಕು ಅಂತಿವ್ನಿ. ರಾಮನಗರದಾಗೆ ಗೂಡಿಗೆ ಬೋ ರೇಟು ಐತೆ. ಇಸ್ಕೂಲ್ಗೆ ಒಸಿ ಬ್ಯಾರೆ ಜಾಗ ನೋಡ್ಕಳಿ.”

ಬೇರೆ ಜಾಗ ಎಲ್ಲಿದೆ? ಈ ಊರಲ್ಲಿ ಸೂರು ಇರುವ ಕಡೆಯೆಲ್ಲ ರೇಷ್ಮೆ ಹುಳದ ತಟ್ಟೆ. ಮನುಷ್ಯರು ಜಗುಲಿಯಲ್ಲಿ ಮಲಗುತ್ತಾರೆ, ಹುಳ ಒಳಗೆ ಮಲಗುತ್ತವೆ. ಮಕ್ಕಳೋ, ಬಂದರೆ ತೂಕಡಿಸುತ್ತವೆ, ಇಲ್ಲದಿದ್ದರೆ ಬರುವುದೇ ಇಲ್ಲ.

ಹೊಂಗನೂರಿನಲ್ಲಿ ಕೃಷ್ಣಮ್ಮ ಎಂಬ ಅಜ್ಜಿಯ ಮನೆಗೆ ಅಂಟಿದ ಒಂದು ಕೋಣೆ ಹಿಡಿದಿದ್ದೇನೆ. ಅಜ್ಜಿಗೆ ಕಿವಿ ಕೇಳಿಸದು. ಸಂಜೆ ಬಾಗಿಲು ಹಾಕಿಕೊಂಡರೆ ಬೆಳಗಿನವರೆಗೆ ನನ್ನ ಹೆಸರು ಹಿಡಿದು ಕರೆಯುವವರಿಲ್ಲ. ಟ್ರೇನಿಂಗಿನಲ್ಲಿ ಯಾವ ಪ್ರಶ್ನೆಗೂ ಮೊದಲು ಕೈ ಎತ್ತುತ್ತಿದ್ದವಳು ನೀನು. ಈಗ ಹೇಳು, ನಾನು ಏನು ಮಾಡಲಿ?

ನಿನ್ನ
ಸರ್ವಮಂಗಳ


ಬಿಳಿಗುಂಡಿನಪಾಳ್ಯ, ಮಾಗಡಿ ತಾಲ್ಲೂಕು
27 ಜುಲೈ 1983

ಮಂಗಳಾ,

ನಿನ್ನ ಅಕ್ಷರ ನೋಡಿ ಎಷ್ಟು ಹೊತ್ತು ಕವರು ಒಡೆಯದೆ ಕೂತಿದ್ದೆ ಎಂದು ಹೇಳಿದರೆ ನಗುತ್ತೀಯ. ಇಲ್ಲಿಗೆ ಟಪಾಲು ವಾರಕ್ಕೆರಡು ಸಲ. ನನ್ನ ಹೆಸರಿಗೆ ಬರುವುದು ಇಲಾಖೆಯ ಸುತ್ತೋಲೆ ಮಾತ್ರ.

ಬಸವಯ್ಯನವರ ಜೊತೆ ಜಗಳಕ್ಕೆ ನಿಲ್ಲಬೇಡ. ಪಂಚಾಯ್ತಿಗೆ ದೂರು ಕೊಡಲೇಬೇಡ. ಅವರ ಬಳಿ ಹೋಗಿ ಮೊಟ್ಟೆ ಯಾವತ್ತು ತರುತ್ತಾರೆ, ಗೂಡು ಯಾವತ್ತು ಮಾರ್ಕೆಟ್ಟಿಗೆ ಹೋಗುತ್ತದೆ ಎಂದು ಕೇಳಿ ಬರೆದುಕೋ. ಒಂದು ಬೆಳೆಗೆ ಹೆಚ್ಚು ಕಡಿಮೆ ಒಂದು ತಿಂಗಳು. ಮೊದಲ ಹದಿನೈದು ದಿನ ಹುಳ ಎಳೆಯವು, ಅವಕ್ಕೆ ಒಂದು ಮೂಲೆ ಸಾಕು. ಎರಡು ಬೆಳೆಯ ನಡುವೆ ಕೋಣೆ ಪೂರ್ತಿ ಖಾಲಿ. ಆ ದಿನಗಳನ್ನು ಕೇಳಿಕೋ. ಮಿಕ್ಕ ದಿನ ಮರದ ಕೆಳಗೆ ಕೂರಿಸು.

ಇನ್ನೊಂದು ಮಾತು. ಹುಳ ನಾಲ್ಕು ಸಲ ಮೇವು ಬಿಟ್ಟು ಪೊರೆ ಕಳಚುತ್ತವೆ. ಇಲ್ಲಿಯವರು ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಹಗಲು ರಾತ್ರಿ ತಿನ್ನುತ್ತವೆ. ಆ ವಾರ ಮಕ್ಕಳು ಬರುವುದಿಲ್ಲ, ಯಾರು ಕರೆದರೂ ಬರುವುದಿಲ್ಲ. ಹೊಸ ಪಾಠ ಅದಕ್ಕೆ ಮೊದಲೇ ಮುಗಿಸು. ಆ ವಾರ ಬಂದವರಿಗೆ ಕಥೆ ಹೇಳು.

ತೂಕಡಿಸುವ ಮಕ್ಕಳ ವಿಷಯ. ನನ್ನಲ್ಲಿ ಪುಟ್ಟಗೌರಿ ಎಂಬ ಹುಡುಗಿ ಇದ್ದಾಳೆ, ನಾಲ್ಕನೇ ಕ್ಲಾಸು. ತಾಯಿ ಇಲ್ಲ. ಅವಳ ಅಪ್ಪ ಬೀರಲಿಂಗಯ್ಯ ಕುರಿ ಮಾರಿ ಹಿಪ್ಪುನೇರಳೆ ಹಾಕಿದ್ದಾರೆ. ಹುಳಕ್ಕೆ ಸೊಪ್ಪು ಹಾಕುವವಳು ಇವಳೇ. ಕ್ಲಾಸಿನಲ್ಲಿ ನಿದ್ದೆ ಬಂದರೆ ನಾನು ಎಬ್ಬಿಸುವುದಿಲ್ಲ. ನನ್ನ ಶಾಲು ಮಡಿಸಿ ತಲೆಗೆ ಕೊಡುತ್ತೇನೆ. ಎದ್ದ ಮೇಲೆ ಅವಳೊಬ್ಬಳಿಗೇ ಆ ಪಾಠ ಮತ್ತೆ ಹೇಳುತ್ತೇನೆ. ಕಾಲು ಗಂಟೆ ಹಿಡಿಯುತ್ತದೆ, ಅಷ್ಟೆ.

ನನ್ನ ಶಾಲೆಗೆ ಕಟ್ಟಡವಿದೆ. ಕಿಟಕಿಯಿಂದ ಸಾವನದುರ್ಗದ ಬಂಡೆ ಕಾಣುತ್ತದೆ. ಚೆನ್ನಾಗಿದ್ದೇನೆ.

ದ್ರಾಕ್ಷಾಯಿಣಿ


ಅಂಕನದೊಡ್ಡಿ
9 ಅಕ್ಟೋಬರ್ 1983

ದ್ರಾಕ್ಷಾ,

ನಿನ್ನ ಪತ್ರ ಹಿಡಿದುಕೊಂಡೇ ಬಸವಯ್ಯನವರ ಮುಂದೆ ನಿಂತೆ. ಮೊಟ್ಟೆ ತರುವ ದಿನ ಕೇಳಿದ್ದಕ್ಕೆ ಮೊದಲು ಅನುಮಾನದಿಂದ ನೋಡಿದರು. “ನಿಮ್ಗ್ಯಾಕ್ ಮೇಡಂ ಅದೆಲ್ಲ?” ನಾನು ಅಂದೆ, ನಿಮ್ಮ ಹುಳದ ಪ್ರಕಾರ ನಮ್ಮ ಪಾಠ ಇಟ್ಟುಕೊಳ್ಳೋಣ ಎಂದು. ಅವರು ತಲೆಯ ಮೇಲಿನ ಟವೆಲು ತೆಗೆದು, ಕೊಡವಿ, ಮತ್ತೆ ಹಾಕಿಕೊಂಡರು. “ಹನ್ನೊಂದು ವರ್ಸದಾಗೆ ಯಾವ ಮೇಷ್ಟ್ರೂ ನನ್ ಹುಳದ ಇಚಾರ ಕೇಳಿರ್ನಿಲ್ಲ ಬುಡಿ” ಎಂದರು. ಆಯಿತು ಎಂದರು!

ಈಗ ಎರಡು ಬೆಳೆಯ ನಡುವೆ ಕೋಣೆ ನಮ್ಮದು. ಮಿಕ್ಕ ದಿನ ಹೊಂಗೆ ಮರದ ಕೆಳಗೆ. ಹೊಸ ಮೊಟ್ಟೆ ತರುವ ಮೊದಲು ಕೋಣೆಗೆ ಔಷಧಿ ಹೊಡೆಯುತ್ತಾರಲ್ಲ, ಅದು ನನಗೆ ತಿಳಿಯದೆ ಮಾರನೇ ದಿನವೇ ಮಕ್ಕಳನ್ನು ಕೂರಿಸಿ ಎಲ್ಲರ ಕಣ್ಣಲ್ಲೂ ನೀರು ಸುರಿಯಿತು. ಆ ಒಂದು ಮಾತು ನೀನು ಬರೆದಿರಲಿಲ್ಲ. ನಿಮ್ಮಲ್ಲಿ ಸ್ವಂತ ಕಟ್ಟಡ, ನಿನಗೆ ಹೇಗೆ ಗೊತ್ತಾಗಬೇಕು!

ತೂಕಡಿಸುವವರಿಗೆ ಒಂದು ಚಾಪೆ ಹಾಸಿದ್ದೇನೆ. ನಿನ್ನ ಗೌರಿಯ ಕಥೆ ನನ್ನ ಮಕ್ಕಳಿಗೆಲ್ಲ ಹೇಳಿದ್ದೇನೆ. “ಆ ಗೌರಿ ಈಗ ಎಷ್ಟನೇ ಪಾಠ ಓದ್ತಾವಳೆ ಮೇಡಂ?” ಎಂದು ಕೇಳುತ್ತವೆ. ಎಷ್ಟನೆಯದು, ಬರೆ.

ಇನ್ನೊಂದು ಕಷ್ಟ. ದಿಲ್ಶಾದ್ ಎಂಬ ಹುಡುಗಿ, ನಾಲ್ಕನೇ ಕ್ಲಾಸು, ಚುರುಕು. ದಸರಾ ರಜೆಯ ಮೊದಲೇ ಅವಳನ್ನು ರಾಮನಗರಕ್ಕೆ ಕಳಿಸಿದ್ದಾರೆ. ಸೋದರಮಾವ ತಾಜ್ ಪಾಷಾ ಎಂಬುವರ ರೀಲಿಂಗ್ ಶೆಡ್ಡಿನಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಕೆಲಸ. ತಾಯಿಯನ್ನು ಕೇಳಲು ಹೋದರೆ ಒಳಗಿನಿಂದಲೇ “ಇಲ್ಲ” ಅಂದು ಬಾಗಿಲು ಎಳೆದುಕೊಂಡರು. ಹೀಗಾದರೆ ನೀನು ಏನು ಮಾಡುತ್ತೀಯ?

ಮಂಗಳ


ಬಿಳಿಗುಂಡಿನಪಾಳ್ಯ
2 ನವೆಂಬರ್ 1983

ಮಂಗಳಾ,

ಕೇಳಲು ಹೋದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಕೆಲಸಕ್ಕೆ ಹೋಗು. ಆ ತಾಯಿ ತೋಟದಲ್ಲಿ ಸೊಪ್ಪು ಕೊಯ್ಯುತ್ತಿರುವಾಗ ಹೋಗಿ ನೀನೂ ಕೊಯ್ಯಿ. ಶಾಲೆಯ ಮಾತು ಎತ್ತಬೇಡ. ಮೊದಲ ದಿನ ಅವರು ಮಾತಾಡುವುದಿಲ್ಲ. ಎರಡನೇ ದಿನ ನಿನ್ನ ಊರು ಯಾವುದು ಎನ್ನುತ್ತಾರೆ. ಮೂರನೇ ದಿನ ಮಗಳ ಮಾತು ಅವರೇ ತೆಗೆಯುತ್ತಾರೆ. ಆಗಲೂ ನೀನು ಬುದ್ಧಿ ಹೇಳಬೇಡ, ಕೇಳಿಸಿಕೋ. ತಪ್ಪು ನಿನ್ನದಿದ್ದರೆ ಅಲ್ಲೇ ಒಪ್ಪಿಕೋ. ತಡ ಮಾಡಬೇಡ. ಒಂದು ವಾರ ತಡವಾದರೆ ಒಂದು ತಿಂಗಳಾಗುತ್ತದೆ, ತಿಂಗಳಾದರೆ ಆಮೇಲೆ ಆ ಬೀದಿಯಲ್ಲಿ ನಡೆಯಲು ಕಾಲು ಬರುವುದಿಲ್ಲ.

ಗೌರಿ ಹದಿನಾಲ್ಕನೇ ಪಾಠದಲ್ಲಿದ್ದಾಳೆ ಎಂದು ನಿನ್ನ ಮಕ್ಕಳಿಗೆ ಹೇಳು. ಒಂದು ಪುಟ ತಡೆಯದೆ ಓದುತ್ತಾಳೆ. ‘ಳ’ ಅಕ್ಷರ ಬಂದಾಗ ಮಾತ್ರ ನಾಲಿಗೆ ಹೊರಳುವುದಿಲ್ಲ.

ನಮ್ಮಲ್ಲಿ ಸದ್ದುಗದ್ದಲ ಕಡಿಮೆ. ಪಾಠದ ಹೊತ್ತಿನಲ್ಲೂ ಹೊರಗೆ ಗೌಜಲಹಕ್ಕಿ ಕೂಗುವುದು ಕೇಳುತ್ತದೆ. ಉದ್ದ ಪತ್ರ ಬರೆ. ನಿನ್ನ ಶಾಲೆಯ ಸಣ್ಣ ಸಣ್ಣ ಸಂಗತಿಗಳನ್ನೂ ಬರೆ, ಯಾರು ಬಂದರು, ಯಾರು ಜಗಳವಾಡಿದರು, ಎಲ್ಲ.

ದ್ರಾಕ್ಷಾಯಿಣಿ


ಅಂಕನದೊಡ್ಡಿ
12 ಫೆಬ್ರವರಿ 1984

ದ್ರಾಕ್ಷಾ,

ಮೂರನೇ ದಿನ ಅಂದಿದ್ದೆಯಲ್ಲ, ಐದು ದಿನ ಹಿಡಿಯಿತು. ನನ್ನ ಕೈಗೆ ಸೊಪ್ಪಿನ ಹಾಲು ಅಂಟಿ ಸೀಮೆಸುಣ್ಣ ಹಿಡಿದರೆ ಜಾರುತ್ತಿತ್ತು. ಐದನೇ ದಿನ ದಿಲ್ಶಾದಳ ತಾಯಿ ಕುಡುಗೋಲು ಕೆಳಗಿಟ್ಟು, “ಅದ್ರ ಕೈ ಹೆಂಗಾಗದೋ ಏನೋ ಮೇಡಂ, ನೋಡಿ ನಾಕು ತಿಂಗ್ಳಾತು” ಎಂದರು. ನಾನು ಸೊಪ್ಪು ಕೊಯ್ಯುತ್ತಲೇ ಇದ್ದೆ. ಅವರೇ ಮತ್ತೆ, “ನೀವು ಬಂದೀರಾ ಜತೇಗೆ?” ಎಂದರು.

ಇಬ್ಬರೂ ರಾಮನಗರಕ್ಕೆ ಹೋದೆವು. ಶೆಡ್ಡಿನೊಳಗೆ ಹಬೆ, ಸತ್ತ ಹುಳದ ವಾಸನೆ. ದಿಲ್ಶಾದ್ ಬಿಸಿನೀರಿನ ತೊಟ್ಟಿಯ ಮುಂದೆ ಕೂತಿದ್ದಳು. ಬೆರಳುಗಳು ಬಿಳಿಚಿ, ನೆರಿಗೆ ಬಿದ್ದು, ಮುದುಕಿಯ ಬೆರಳಿನಂತಿದ್ದವು. ತಾಯಿ ಆ ಕೈಯನ್ನು ತಮ್ಮ ಸೆರಗಿನಲ್ಲಿ ಒತ್ತಿಕೊಂಡರು. ತಾಜ್ ಪಾಷಾ ಕೆಟ್ಟವರಲ್ಲ. ನಮಗೆ ಚಹಾ ತರಿಸಿದರು. “ಟೀಚರಮ್ಮ, ನಾನೂ ಇದೇ ವಯಸ್ಸಲ್ಲಿ ಕೂತೋನೇ ಈ ನೀರಿನ ಮುಂದೆ. ಓದ್ಸೋರು ಬಂದವ್ರೆ ಅಂದ್ರೆ ನಾನ್ಯಾಕೆ ತಡೀಲಿ, ಕರ್ಕೊಂಡ್ ಹೋಗಿ” ಎಂದರು.

ಅವಳು ಈಗ ನನ್ನ ಮುಂದಿನ ಸಾಲಿನಲ್ಲಿ ಕೂತಿದ್ದಾಳೆ. ಇದು ನಿನ್ನ ಕೆಲಸ, ದ್ರಾಕ್ಷಾ. ನಡೆದ ಕಾಲು ಮಾತ್ರ ನನ್ನದು.

ಮಾರ್ಚಿನಲ್ಲಿ ನಾಲ್ಕನೇ ಕ್ಲಾಸಿನ ಆರು ಮಕ್ಕಳನ್ನು ಸಾವನದುರ್ಗ ತೋರಿಸಲು ಕರೆತರುತ್ತೇನೆ. ಮಧ್ಯಾಹ್ನ ನಿನ್ನ ಶಾಲೆಯಲ್ಲಿ ಬುತ್ತಿ. ಎಲ್ಲರಿಗೂ ಗೌರಿಯನ್ನು ನೋಡಬೇಕಂತೆ.

ಮಂಗಳ


ಬಿಳಿಗುಂಡಿನಪಾಳ್ಯ
28 ಫೆಬ್ರವರಿ 1984

ಮಂಗಳಾ,

ಮಾರ್ಚಿನಲ್ಲಿ ಬರಬೇಡ. ಊರಲ್ಲಿ ಮಕ್ಕಳಿಗೆ ಅಮ್ಮ ಆಗಿದೆ. ಅಂಟು ಕಾಯಿಲೆ, ನಿನ್ನ ಮಕ್ಕಳಿಗೆ ತಗಲಬಾರದು. ಮುಂದೆ ಯಾವಾಗಲಾದರೂ ನೋಡೋಣ.

ದಿಲ್ಶಾದಳ ವಿಷಯ ಓದಿ ಸಂತೋಷವಾಯಿತು.

ದ್ರಾಕ್ಷಾಯಿಣಿ


ಅಂಕನದೊಡ್ಡಿ
11 ಜುಲೈ 1984

ಪ್ರೀತಿಯ ದ್ರಾಕ್ಷಾಯಿಣಿ,

ಶಾಲೆ ಶುರುವಾಗಿ ತಿಂಗಳಾಯಿತು. ಈ ವರ್ಷ ಮೂವತ್ತೊಂಬತ್ತು ಮಕ್ಕಳು. ಬಸವಯ್ಯನವರು ಹೊಂಗೆ ಮರಕ್ಕೆ ಸೇರಿಸಿ ಒಂದು ಸೋಗೆ ಚಪ್ಪರ ಹಾಕಿಸಿದ್ದಾರೆ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ತಾನೆ? ಅಲ್ಲಿ ಮಳೆ ಹೇಗಿದೆ?

ಬೇರೆ ವಿಶೇಷವಿಲ್ಲ.

ಮಂಗಳ


ಬಿಳಿಗುಂಡಿನಪಾಳ್ಯ
20 ಜುಲೈ 1984

ಮಂಗಳಾ,

ನೀನು ಬಂದಿದ್ದೆ.

ನಿನ್ನ ಪತ್ರ ಓದಿದಾಗಲೇ ಏನೋ ತಪ್ಪಿದೆ ಅನ್ನಿಸಿತು. ಒಂದು ವರ್ಷದಲ್ಲಿ ಮೊದಲ ಸಲ ನೀನು ಗೌರಿಯನ್ನು ಕೇಳಿರಲಿಲ್ಲ. ನಿನ್ನೆ ಬಾವಿಯ ಹತ್ತಿರ ಒಬ್ಬ ಹೆಂಗಸು ಅಂದಳು, “ಏಳನೇ ತಾರೀಕು ಶನಿವಾರ ನಿಮ್ಮ ಪೈಕಿಯೋರು ಯಾರೋ ಬಂದಿದ್ರಲ್ಲವ್ವಾ, ಕನ್ನಡಕ ಹಾಕಿದ್ರು. ಇಸ್ಕೂಲ್ ತಾವ್ ಒಸಿ ಹೊತ್ತು ನಿಂತಿದ್ದು ವಾಪಸ್ ಬಂದು, ನಮ್ಮನೇಲಿ ಒಂದ್ ಚೆಂಬು ನೀರು ಕುಡ್ದು ಹೊಂಟೋದ್ರು.”

ಏನು ನೋಡಿದೆ ಎಂದು ನನಗೆ ಗೊತ್ತು. ಖಾಲಿ ಕೋಣೆ, ಮೇಜು, ಹಾಜರಿ ಪುಸ್ತಕ, ಅದರ ಮುಂದೆ ನಾನು. ಬೋರ್ಡಿನ ಮೂಲೆಯಲ್ಲಿ ‘ಒಟ್ಟು 31, ಹಾಜರು 27’.

ಈ ಶಾಲೆಯಲ್ಲಿ ಮಕ್ಕಳಿಲ್ಲ, ಮಂಗಳಾ. ಒಂದೂವರೆ ವರ್ಷದಿಂದ ಒಂದು ಮಗುವೂ ಇಲ್ಲ. ಈಗ ಎಲ್ಲವನ್ನೂ ಬರೆದುಬಿಡುತ್ತೇನೆ. ನಿಲ್ಲಿಸಿದರೆ ಮತ್ತೆ ಬರೆಯಲಾರೆ.

1982ರ ಡಿಸೆಂಬರಿನಲ್ಲಿ ಇನ್ಸ್‌ಪೆಕ್ಟರು ಬಂದಿದ್ದರು. ಆಗ ಮೂವತ್ತೊಂದು ಮಕ್ಕಳೂ ಇದ್ದರು. ಎಂಟು ದಿನದಿಂದ ತಯಾರಿ ಮಾಡಿಸಿದ್ದೆ. ಅವರು ಬೆರಳು ತೋರಿಸಿದ್ದು ಪುಟ್ಟಗೌರಿಯ ಕಡೆಗೆ. ಅವಳು ಗೋಡೆಗೆ ಒರಗಿ ನಿದ್ದೆ ಮಾಡುತ್ತಿದ್ದಳು. “ಏನಮ್ಮಾ, ಇದು ಶಾಲೆಯೋ ಛತ್ರವೋ?” ಎಂದು ನಕ್ಕು ಹೊರಟುಹೋದರು.

ನನಗೆ ಮೈಯೆಲ್ಲ ಉರಿದುಹೋಯಿತು. ಅವಳ ಸ್ಲೇಟಿನ ಮೇಲೆ ‘ಕುಂಭಕರ್ಣಿ’ ಎಂದು ಬರೆದು, ದಾರ ಕಟ್ಟಿ ಕೊರಳಿಗೆ ಹಾಕಿ, ಬಾಗಿಲ ಹೊರಗೆ ಬೀದಿಗೆ ಮುಖ ಮಾಡಿ ನಿಲ್ಲಿಸಿದೆ. ಮಧ್ಯಾಹ್ನದಿಂದ ಸಂಜೆಯವರೆಗೆ. ಮಕ್ಕಳು ನಕ್ಕರು. ಸೊಪ್ಪು ಹೊತ್ತು ಹೋಗುವ ಹೆಂಗಸರೆಲ್ಲ ನಿಂತು ನೋಡಿದರು. ಎರಡು ಸಲ ಅವಳು ಕೂರಲು ಹೋದಳು. ನಿಂತುಕೋ ಎಂದೆ. ಎಂಟು ವರ್ಷದ ಮಗು.

ಮಾರನೇ ದಿನ ಬೆಳಗ್ಗೆ ಬೀರಲಿಂಗಯ್ಯ ಬಂದರು. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಅವರು ಚಪ್ಪಲಿ ಬಿಟ್ಟು ಬಾಗಿಲ ಹೊರಗೇ ನಿಂತರು. “ನನ್ ಮಗು ಬೆಳಕು ಹರಿಯೋ ಮುಂಚೆ ಎದ್ದು ಹುಳಕ್ಕೆ ಸೊಪ್ಪು ಹಾಕ್ತದೆ ಮೇಡಂ. ಆಮ್ಯಾಕೆ ಮುದ್ದೆ ತಿರುವಿ ನಂಗೂ ಇಕ್ತದೆ. ಅವ್ವ ಇಲ್ದ ಮಗು ಅಂತ ನಿಮ್ ಕೈಗೆ ಕೊಟ್ಟಿದ್ದೆ. ನೀವು ಊರ್ಗೆಲ್ಲ ತೋರ್ಸುದ್ರಿ. ಇನ್ ಕಳ್ಸಾಕಿಲ್ಲ.”

ಅಷ್ಟೇ ಹೇಳಿ ಹೋದರು. ಆ ವಾರ ಅವರ ಅಣ್ಣತಮ್ಮಂದಿರ ಮಕ್ಕಳು ಬರಲಿಲ್ಲ. ಈ ಪಾಳ್ಯದಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಅಣ್ಣತಮ್ಮಂದಿರೇ. ಜನವರಿ ಹೊತ್ತಿಗೆ ಕೋಣೆ ಖಾಲಿ. ನಾನು ಅವರ ಮನೆಗೆ ಹೋಗಬಹುದಿತ್ತು, ನೂರು ಹೆಜ್ಜೆ. ಅವರೇ ಬರಲಿ ಎಂದು ಕಾದೆ. ಮೇಡಂ ನಾನು, ತಲೆ ಬಗ್ಗಿಸುವುದೇ ಎಂದು. ಆಮೇಲೆ ನಾಚಿಕೆ. ಆಮೇಲೆ, ಮಕ್ಕಳಿಲ್ಲ ಎಂದು ಬರೆದರೆ ಶಾಲೆ ಮುಚ್ಚುತ್ತಾರೆ ಎಂಬ ಭಯ. ದಿನವೂ ಹತ್ತೂವರೆಗೆ ಬೀಗ ತೆಗೆಯುತ್ತೇನೆ, ಕಸ ಗುಡಿಸುತ್ತೇನೆ, ಹೆಸರುಗಳ ಮುಂದೆ ಗುರುತು ಹಾಕುತ್ತೇನೆ. ಸುಳ್ಳೆಂದು ಕಾಣಬಾರದೆಂದು ನಾಲ್ಕು ಜನಕ್ಕೆ ಗೈರು. ಗೌರಿಗೆ ಒಂದು ದಿನವೂ ಗೈರು ಹಾಕಿಲ್ಲ.

ನಿನ್ನ ಮೊದಲ ಪತ್ರ ಬಂದಾಗ ಏಳು ತಿಂಗಳು ಕಳೆದಿತ್ತು. ನಿನಗೆ ಬರೆದ ಬುದ್ಧಿಮಾತೆಲ್ಲ ನಾನು ಮಾಡಬೇಕಾಗಿದ್ದು, ಮಾಡದೆ ಹೋಗಿದ್ದು. ಖಾಲಿ ಕೋಣೆಯಲ್ಲಿ ಕೂತವಳಿಗೆ ಅದನ್ನೆಲ್ಲ ಯೋಚಿಸಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಆ ಶಾಲು, ಆ ಹದಿನಾಲ್ಕನೇ ಪಾಠ, ಯಾವುದೂ ಇಲ್ಲ. ಅಮ್ಮ ಆಗಿದೆ ಎಂದದ್ದೂ ಸುಳ್ಳು. ನಿನ್ನ ಉತ್ತರ ಬಂದಾಗಲೆಲ್ಲ ಎರಡು ದಿನ ಸಂತೋಷ, ಆಮೇಲೆ ಹೊಟ್ಟೆಕಿಚ್ಚು.

ಇನ್ಸ್‌ಪೆಕ್ಟರಿಗೆ ತಿಳಿಸುವುದಾದರೆ ತಿಳಿಸು. ಉತ್ತರ ಬರೆಯದಿದ್ದರೂ ನನಗೆ ಅರ್ಥವಾಗುತ್ತದೆ.

ದ್ರಾಕ್ಷಾಯಿಣಿ


ಅಂಕನದೊಡ್ಡಿ
5 ಆಗಸ್ಟ್ 1984

ದ್ರಾಕ್ಷಾ,

ಎರಡು ಪತ್ರ ಬರೆದು ಹರಿದೆ. ಒಂದರಲ್ಲಿ ಬರೀ ಬೈಗುಳವಿತ್ತು, ಇನ್ನೊಂದರಲ್ಲಿ ಬರೀ ಸಮಾಧಾನ. ಎರಡೂ ಸುಳ್ಳು ಅನ್ನಿಸಿತು.

ಹೌದು, ಬಂದಿದ್ದೆ. ಮಾಗಡಿಯ ತನಕ ಯಾವುದೋ ಕೆಲಸಕ್ಕೆ ಬಂದವಳು, ಹೇಳದೆ ಹೋಗಿ ನಿನ್ನನ್ನು ಬೆಚ್ಚಿಬೀಳಿಸೋಣ ಎಂದು ಬಸ್ಸಿಳಿದೆ. ಗೌರಿಗೆ ಎಂದು ಒಂದು ಟೇಪು ತೆಗೆದುಕೊಂಡಿದ್ದೆ, ತಲೆಗೆ ಕಟ್ಟಲು, ಹಳದಿ ಬಣ್ಣದ್ದು. ಕಿಟಕಿಯಿಂದ ನೋಡಿದೆ. ನೀನು ತಲೆ ಬಗ್ಗಿಸಿ ಬರೆಯುತ್ತಿದ್ದೆ. ಬೋರ್ಡು ನೋಡಿದೆ. ನೆಲದ ಮೇಲೆ ಒಂದು ಕಾಲಿನ ಗುರುತೂ ಇರಲಿಲ್ಲ. ಕರೆಯಬೇಕು ಎಂದು ಬಾಯಿ ತೆರೆದವಳು ಕರೆಯಲಿಲ್ಲ. ಕರೆದರೆ ನಾನು ಆ ಕ್ಷಣ ನಿನ್ನ ಗೆಳತಿಯಾಗಿ ಉಳಿಯುತ್ತಿರಲಿಲ್ಲ, ಇನ್ಸ್‌ಪೆಕ್ಟರ್ ಆಗುತ್ತಿದ್ದೆ. ಬಸ್ಸಿನಲ್ಲಿ ಬಹಳ ಸಿಟ್ಟು ಬಂತು. ಮಕ್ಕಳು ಗೌರಿಯನ್ನು ಕೇಳಿದರೆ ಏನು ಹೇಳಲಿ? ಆ ಹುಡುಗಿ ನನ್ನ ಸಂಜೆಗಳ ಜೊತೆಗಾರ್ತಿ, ಗೊತ್ತೇ ನಿನಗೆ? ಆ ಕಿವುಡಜ್ಜಿಯ ಮನೆಯಲ್ಲಿ ನಾನು ನಿನ್ನ ಪತ್ರಗಳನ್ನು ಜೋರಾಗಿ ಓದಿಕೊಳ್ಳುತ್ತಿದ್ದೆ.

ಈಗ ನಾನು ಮುಚ್ಚಿಟ್ಟಿದ್ದನ್ನು ಹೇಳುತ್ತೇನೆ. ಕಳೆದ ಜುಲೈಯಲ್ಲಿ ನಿನಗೆ ಬರೆದ ದಿನವೇ ನಾನು ವರ್ಗಾವಣೆ ಅರ್ಜಿಯನ್ನೂ ಬರೆದಿದ್ದೆ. ಚನ್ನಪಟ್ಟಣ ಪೇಟೆಯೊಳಗೆ ಕೊಡಿ ಎಂದು. ಪರಿಚಯದವರ ಶಿಫಾರಸೂ ಇತ್ತು. ನಿನ್ನ ಉತ್ತರ ಬರುವವರೆಗೆ ನೋಡೋಣ ಎಂದು ಪುಸ್ತಕದ ನಡುವೆ ಇಟ್ಟಿದ್ದೆ. ನಿನ್ನ ಉತ್ತರ ಬಂದ ಮೇಲೆ ಒಲೆಗೆ ಹಾಕಿದೆ. ಮೂವತ್ತೊಂಬತ್ತು ಮಕ್ಕಳು ಇಲ್ಲಿ ಕೂತಿದ್ದಾರೆ, ದ್ರಾಕ್ಷಾ. ಅದು ಸುಳ್ಳಲ್ಲ. ಆದರೆ ಅದರಿಂದ ನಿನ್ನ ಮೂವತ್ತೊಂದು ಮಕ್ಕಳ ಲೆಕ್ಕ ತೀರುವುದಿಲ್ಲ. ತೀರುತ್ತದೆ ಎಂದು ನಾನು ಹೇಳಿದರೆ ನೀನೇ ನಂಬುವುದಿಲ್ಲ.

ನಾನು ಯಾರಿಗೂ ತಿಳಿಸುವುದಿಲ್ಲ. ಬುದ್ಧಿ ಹೇಳುವಷ್ಟು ದೊಡ್ಡವಳೂ ಅಲ್ಲ. ನೂರು ಹೆಜ್ಜೆ ಅಂದೆಯಲ್ಲ, ಅದನ್ನು ನೀನು ನಡೆ. ಜೊತೆಗೆ ಬರಬೇಕೆಂದರೆ ಒಂದು ಕಾರ್ಡು ಹಾಕು, ಬರುತ್ತೇನೆ.

ಮಂಗಳ


ಅಂಕನದೊಡ್ಡಿ
14 ಅಕ್ಟೋಬರ್ 1984

ದ್ರಾಕ್ಷಾ,

ಆಗಸ್ಟಿನಿಂದ ಇದು ಮೂರನೇ ಕಾರ್ಡು. ಇದ್ದೀಯಾ ಎಂದಾದರೂ ಒಂದು ಗೆರೆ ಬರೆ. ಟಪಾಲಿನ ಅಂಕಯ್ಯ ನನ್ನನ್ನು ಕಂಡರೆ ದೂರದಿಂದಲೇ ಇಲ್ಲವೆಂದು ಕೈ ಆಡಿಸಿ ಹೋಗುತ್ತಾನೆ.

ಮಂಗಳ


ಬಿಳಿಗುಂಡಿನಪಾಳ್ಯ
20 ನವೆಂಬರ್ 1984

ಮಂಗಳಾ,

ನಿನ್ನ ಕಾರ್ಡುಗಳೆಲ್ಲ ಬಂದಿವೆ. ಬರೆಯುವಂಥದ್ದು ಏನಾದರೂ ಆಗಲಿ ಎಂದು ಕಾದೆ. ಇನ್ನು ಮೇಲೆ ನಡೆಯದೇ ಇದ್ದದ್ದನ್ನು ನಿನಗೆ ಬರೆಯಬಾರದು ಎಂದುಕೊಂಡಿದ್ದೆ.

ಮೊದಲು ಮಾಗಡಿಗೆ ಹೋದೆ. ಹಾಜರಿ ಪುಸ್ತಕ ಆಫೀಸಿನ ಮೇಜಿನ ಮೇಲೆ ಇಟ್ಟು, ಇದರಲ್ಲಿ ಹತ್ತೊಂಬತ್ತು ತಿಂಗಳು ಸುಳ್ಳು ಬರೆದಿದ್ದೇನೆ ಎಂದೆ. ಈಗಿರುವ ಅಧಿಕಾರಿ ಹೊಸಬರು. ಬಹಳ ಹೊತ್ತು ಪುಟ ತಿರುವಿದರು. “ನೀವು ಬಾಯಿ ಬಿಡದಿದ್ದರೆ ನಾನು ಇದಕ್ಕೆ ಸಹಿ ಹಾಕಿ ಕಳಿಸುತ್ತಿದ್ದೆನಲ್ಲಮ್ಮಾ” ಎಂದು ಬೇಸರದಿಂದಲೇ ಹೇಳಿದರು. ಎರಡು ಇನ್‌ಕ್ರಿಮೆಂಟು ತಡೆದಿದ್ದಾರೆ. ಮಾರ್ಚಿನೊಳಗೆ ಹತ್ತು ಮಕ್ಕಳು ಬಾರದಿದ್ದರೆ ಶಾಲೆ ಮುಚ್ಚುತ್ತಾರೆ.

ವಾಪಸು ಬಂದು ಆ ನೂರು ಹೆಜ್ಜೆ ನಡೆದೆ. ಬೀರಲಿಂಗಯ್ಯ ಅಂಗಳದಲ್ಲಿ ಹುಳದ ತಟ್ಟೆ ತೊಳೆಯುತ್ತಿದ್ದರು. ನಾನು ತಪ್ಪು ಮಾಡಿದೆ ಎಂದೆ. ಗೌರಿಯ ಮುಂದೆ ಹೇಳಬೇಕು, ಕರೆಯಿರಿ ಎಂದೆ. ಅವರು ಕೈ ಒರೆಸಿಕೊಂಡರು. “ಅದು ಇಲ್ಲಿಲ್ಲ ಮೇಡಂ. ಕನಕಪುರದಾಗೆ ನನ್ ತಂಗಿ ಮನೇಲದೆ. ಹೋಗಿ ಒಂದ್ ವರ್ಸ ಆತು. ನೀವು ಒಸಿ ತಡ ಮಾಡ್ಬುಟ್ರಿ.”

ಕನಕಪುರಕ್ಕೆ ಹೋದೆ. ಅವಳ ಅತ್ತೆಯ ಮನೆಯ ಹಿತ್ತಲಲ್ಲಿ ನೂಲು ತೆಗೆಯುವ ಚರಕ. ಅತ್ತೆ ಗೂಡಿನಿಂದ ಎಳೆ ಎತ್ತುತ್ತಾರೆ, ಗೌರಿ ಚಕ್ರ ತಿರುಗಿಸುತ್ತಾಳೆ. ನನ್ನನ್ನು ಕಂಡದ್ದೇ ಎದ್ದು ನಿಂತಳು. ಉದ್ದವಾಗಿದ್ದಾಳೆ. ಕೂತುಕೋ ಎಂದೆ. ಕೂರಲಿಲ್ಲ. ಮತ್ತೊಮ್ಮೆ ಎಂದೆ. ಕೈ ಕಟ್ಟಿಕೊಂಡು, ಬೀದಿಯ ಕಡೆಗೆ ಮುಖ ಮಾಡಿಯೇ ನಿಂತಿದ್ದಳು. ಆಮೇಲೆ, “ಈಗ ನಿದ್ದೆ ಮಾಡಾಕಿಲ್ಲ ಮೇಡಂ” ಎಂದಳು.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಕೂತು ಹೇಳಬೇಕಾದದ್ದನ್ನು ಹೇಳಿದೆ. ಕೇಳಿಸಿಕೊಂಡಳೋ ಇಲ್ಲವೋ ತಿಳಿಯದು. ಹೋಗಿ ಒಂದು ಲೋಟ ನೀರು ತಂದುಕೊಟ್ಟಳು.

ಊರಿಗೆ ಬರುವುದಿಲ್ಲವಂತೆ. ನಾನು ಬಲವಂತ ಮಾಡಲಿಲ್ಲ. ನಾಲ್ಕು ವಾರ ಪ್ರತಿ ಭಾನುವಾರ ಹೋದೆ. ಅತ್ತೆಯ ಜೊತೆ ಕೂತು ಗೂಡು ಬಿಡಿಸಿದೆ. ನಾಲ್ಕನೇ ವಾರ ಅತ್ತೆ ಅಂದರು, “ಇಲ್ಲೇ ಮೂಲೇಲಿ ಗೌರ್ಮೆಂಟ್ ಇಸ್ಕೂಲ್ ಐತೆ. ಮಧ್ಯಾಹ್ನದಿಂದ ಕಳುಸ್ತೀನಿ. ಟಿ.ಸಿ. ಕೇಳ್ತಾರಂತೆ, ಕೊಡ್ತೀರಾ?”

ಟಿ.ಸಿ. ಬರೆಯಲು ಕೂತೆ. ನನ್ನ ಪುಸ್ತಕದ ಪ್ರಕಾರ ಗೌರಿ ಒಂದು ದಿನವೂ ತಪ್ಪಿಸದೆ ಬಂದು ನಾಲ್ಕನೇ ಕ್ಲಾಸು ಪಾಸಾಗಿದ್ದಾಳೆ. ಹಾಗೆ ಬರೆದುಕೊಟ್ಟರೆ ಐದಕ್ಕೆ ಸೇರಿಸಿಕೊಳ್ಳುತ್ತಾರೆ, ಓದಲು ಬಾರದೆ ಮತ್ತೆ ಬಿಡುತ್ತಾಳೆ. ನಿಜ ಬರೆದೆ. ಮೂರನೇ ಕ್ಲಾಸು, ಶಾಲೆ ಬಿಟ್ಟ ತಿಂಗಳು ಡಿಸೆಂಬರ್ 1982. ಶಾಲೆ ಬಿಟ್ಟ ಕಾರಣ ಎಂದು ಒಂದು ಕಾಲಂ ಇದೆ. ಎಲ್ಲರೂ ‘ತಂದೆಯ ಕೋರಿಕೆ’ ಎಂದು ಬರೆಯುತ್ತಾರೆ. ನಾನು ‘ಶಿಕ್ಷಕಿಯ ತಪ್ಪು’ ಎಂದು ಬರೆದು ಸಹಿ ಹಾಕಿದೆ.

ಅಲ್ಲಿಯ ಹೆಡ್‌ಮಿಸ್ಟ್ರೆಸ್ ಅದನ್ನು ಓದಿ ನನ್ನ ಮುಖ ನೋಡಿದರು. ಮೂರನೇ ಕ್ಲಾಸಿಗೆ ಸೇರಿಸಿಕೊಂಡರು. ಗೌರಿ ತನ್ನ ಭುಜದೆತ್ತರದ ಮಕ್ಕಳ ನಡುವೆ ಮೂರನೇ ಸಾಲಿನಲ್ಲಿ ಹೋಗಿ ಕೂತಳು. ನನ್ನ ಕಡೆ ತಿರುಗಲಿಲ್ಲ. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ಬಂದೆ.

ಇಲ್ಲಿ ದಿನವೂ ಸೊಪ್ಪಿನ ತೋಟಗಳಿಗೆ ಹೋಗುತ್ತಿದ್ದೇನೆ. ಕೆಲವರು ಮಾತಾಡುತ್ತಾರೆ, ಕೆಲವರು ಬೇರೆ ಸಾಲಿಗೆ ಸರಿದುಕೊಳ್ಳುತ್ತಾರೆ. ನಿನ್ನೆ ಸೋಮವಾರ ಕೆಂಪಯ್ಯನವರ ಎರಡು ಮಕ್ಕಳು, ನರಸಯ್ಯನವರ ಮೊಮ್ಮಗಳು, ಒಟ್ಟು ಮೂವರು ಬಂದಿದ್ದರು. ಮೂವರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿ ಪಾಠ ಶುರು ಮಾಡಿದೆ. ಬೆಳಗಿನ ಹಾಜರಿ ಮೂರು ಎಂದು ಬರೆದೆ. ಊಟಕ್ಕೆ ಬಿಟ್ಟಾಗ ಆ ಮೊಮ್ಮಗಳು ಮನೆಗೆ ಹೋದವಳು ವಾಪಸು ಬರಲಿಲ್ಲ.

ಮಧ್ಯಾಹ್ನದ ಹಾಜರಿ ಎರಡು.

ದ್ರಾಕ್ಷಾಯಿಣಿ